ಎಣ್ಣೆ ಕುಡಿದ ಪಚ್ಚೆ

ಖರೆ ಹೇಳಿದವನನ್ನೇ ಜನ ಸಂಶಯದಿಂದ ನೋಡುವುದು ನನ್ನ ಬದುಕಿನಲ್ಲಿ ನಡೆದೇ ಇದೆ. ಏಳನೇ ಇಯತ್ತೆಗೆ ಸಾಲಿ ಬಿಟ್ಟು, ಊರೂರು ತಿರುಗಿ, ನಾಕು ಕೆಲಸ ಕಳಕೊಂಡ ಮೇಲೆ ಬಾಗಲಕೋಟೆಯ ಹರಳಿನ ಅಂಗಡಿಯ ಚಾಚಾ ನನ್ನ ಹೆಗಲಿಗೆ ಹರಳಿನ ಚೀಲ ಹಾಕಿ ಊರೂರಿಗೆ ಮಾರಲು ಕಳಿಸಿದರು. ಎಪ್ಪತ್ತರ ದಶಕದ ಕೊನೆ ಅದು.

"ಪಚ್ಚೆಯೊಳಗ ಸೀಳು ಇರ್ತಾವ. ಅವು ಕಾಣದಂಗ ಎಣ್ಣಿ ತುಂಬಿರ್ತಾರ. ಕೊಳ್ಳೋರಿಗೆ ಅದನ್ನ ಹೇಳೇ ಮಾರಬೇಕು. ಒಮ್ಮೆ ಮುಚ್ಚಿಟ್ಟಿ ಅಂದ್ರ ಚೀಲ ಇಳಿಸು," ಅಂದರು.

೧. ಇಳಕಲ್ಲು

ಸೀರೆ ನೇಯುವವರ ಮನೆಯ ಅಜ್ಜಿಗೆ ಪಚ್ಚೆ ತೋರಿಸಿ ಹೇಳಿದೆ: "ಅಮ್ಮಾರ, ಇದರಾಗ ಎಣ್ಣಿ ಐತ್ರಿ."

"ಯಾವ ಎಣ್ಣಿನೋ? ಕುಸುಬಿದೋ, ಶೇಂಗಾದೋ?"

"ಅದು ಬ್ಯಾರೇ, ಯಾವುದೋ ಮರದ ಎಣ್ಣಿ ಅಂತ್ರಿ."

ಅಜ್ಜಿ ಹರಳು ಮೂಸಿ ನೋಡಿ ತಿರುಗಿ ಕೊಟ್ಟಳು. "ಒಯ್ಯಿ. ಕುಸುಬಿ ಎಣ್ಣಿ ತುಂಬಿದ್ದು ಇದ್ದರ ತಗೊಂಡ ಬಾ. ಬ್ಯಾರೆ ಎಣ್ಣಿ ನನಗ ಒಗ್ಗೂದಿಲ್ಲ."

೨. ಹುನಗುಂದ

ಬುಧ ಬಲಿಯಬೇಕು, ಬುದ್ಧಿ ಹೆಚ್ಚಬೇಕು ಅಂತ ಜ್ಯೋತಿಷಿ ಒಬ್ಬ ಮಾಸ್ತರರಿಗೆ ಪಚ್ಚೆ ಹೇಳಿದ್ದ. ನಾನು ಸೀಳು ತೋರಿಸಿದೆ, ಎಣ್ಣೆ ತಿಳಿಸಿದೆ. ಮಾಸ್ತರರು ಹರಳು ಬಿಟ್ಟು ನನ್ನನ್ನೇ ದಿಟ್ಟಿಸಿದರು.

"ಎಷ್ಟು ಕಲ್ತೀಯೋ?"

"ಏಳನೇತ್ತಾ ಬಿಟ್ಟೇನ್ರಿ."

"ಅದಕ್ಕ ಮಾರೋ ಮಾಲಿನಾಗ ನೀನಽ ಕುಂದು ತೋರಸಾಕತ್ತಿ. ಈ ಹರಳು ನೀನಽ ಹಾಕ್ಕೋ. ನನಗಿಂತ ನಿನಗ ಭಾಳ ಬೇಕಾಗೇತಿ!"

೩. ಬಾದಾಮಿ

ಬಾದಾಮಿಯ ಯಜಮಾನರೊಬ್ಬರು ಮಾತ್ರ ಎಲ್ಲ ಕೇಳಿಯೂ ಹೆಂಡತಿಗೆಂದು ಪಚ್ಚೆ ಉಂಗುರ ಕೊಂಡರು. ತಿಂಗಳು ತುಂಬುವುದರೊಳಗೆ ಇಬ್ಬರೂ ಅಂಗಡಿಗೇ ಬಂದರು. ಅವರ ಹೆಂಡತಿ, ಆ ಬಾಯಾರು, ಉಂಗುರ ತೊಟ್ಟೇ ದಿನಾ ಕುದಿಯುವ ಎಸರು ಹಾಕಿ ರೊಟ್ಟಿಗೆ ಜೋಳದ ಹಿಟ್ಟು ನಾದಿದ್ದರು. ಎಣ್ಣೆ ಹೋಗಿ ಸೀಳೆಲ್ಲ ಬೆಳ್ಳಗೆ ಎದ್ದಿದ್ದವು.

"ಎಣ್ಣಿ ಸುದ್ದಿ ನನಗ ಯಾರೂ ಹೇಳಿಲ್ಲ!" ಅಂದರು ಬಾಯಾರು.

ಚಾಚಾ ನನ್ನ ಹೆಗಲಿನ ಚೀಲ ಇಳಿಸಿಕೊಂಡರು. ನನ್ನ ಕಣ್ಣು ತುಂಬಿ ಬಂದವು. ಅದನ್ನು ನೋಡಿ ಯಜಮಾನರು ತಡವರಿಸಿದರು: "ಚಾಚಾ, ಈ ಹುಡುಗ ನನಗ ಹೇಳಿದ್ದ್ರಿ... ಬಿಸಿನೀರು ತಾಗಿಸಬ್ಯಾಡ್ರಿ ಅಂತನೂ ಹೇಳಿದ್ದ. ಇಕಿಗೆ ಚೊಕ್ಕ ಹರಳು ಅಂತ ನಾನಽ ಹೇಳೇನಿ."

ಚಾಚಾ ಚೀಲವನ್ನು ತಿರುಗಿ ನನ್ನ ಹೆಗಲಿಗೇರಿಸಿ, "ತಪ್ಪಾತು ಬೇಟಾ," ಅಂದರು. ಹರಳಿಗೆ ಮತ್ತೆ ಎಣ್ಣೆ ತುಂಬಿ ಕೊಡಲು ಒಪ್ಪಿಕೊಂಡರು.

ಬಾಯಾರು ಕಿವಿಯ ಬೆಂಡೋಲೆ ಬಿಚ್ಚಿ ಮುಂದಿಟ್ಟರು. "ಇವನ್ನೂ ನೋಡ್ರಿ ಚಾಚಾ. ಚೊಕ್ಕ ಬಂಗಾರ ಅಂತ ಇವರಽ ತಂದಿದ್ದು."

ತಿರುಗಿ ನೋಡಿದರೆ ಯಜಮಾನರು ಬಸ್ ಸ್ಟ್ಯಾಂಡಿನ ಕಡೆ ಬಿರಬಿರನೆ ಹೊಂಟಿದ್ದರು.

"ಓಡು," ಅಂದರು ಚಾಚಾ ನನಗೆ. "ಬಾಯಾರು ಏನೂ ಅನ್ನೂದಿಲ್ಲ ಅಂತ ಹೇಳಿ ಕರಕೊಂಡ ಬಾ."

"ಹೋಗಿ ಬಾ ತಮ್ಮಾ," ಅಂದರು ಬಾಯಾರು. "ಆದ್ರ ಆ ಮಾತು ನಾ ಅಂದಿಲ್ಲ. ಅದನ್ನೂ ಹೇಳು!"