ನಂಟು ಬಿಡಿಸಲು ನಾಲ್ಕೇ ಸಾಲು

ನಮ್ಮ ಭಾವ ಯಾವ ಕೆಲಸವನ್ನೂ ಮುಗಿಸುವುದಿಲ್ಲ ಎಂದು ಜನ ಆಡಿಕೊಳ್ಳುತ್ತಾರೆ. ಶುದ್ಧ ಸುಳ್ಳು! ಮುಗಿಸದೆ ಬಿಡಬೇಕಾದರೂ ಮೊದಲು ಶುರು ಮಾಡಬೇಕಲ್ಲ?

ಭಾವ ತಿ. ನರಸೀಪುರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾರೆ. ಬಲ್ಬ್ ಹಾಕಿ ಎಂದು ಅಕ್ಕ ಹೇಳಿದರೆ ಇವರಿಗೆ ಸ್ಟೂಲಿನ ಕಾಲು ಅಲ್ಲಾಡುವುದು ಕಾಣುತ್ತದೆ. ಅದಕ್ಕೆ ಮೊಳೆ ಬೇಕು, ಮೊಳೆಗೆ ಸುತ್ತಿಗೆ ಬೇಕು, ಸುತ್ತಿಗೆ ಪಕ್ಕದ ಮನೆಯಲ್ಲಿದೆ, ಆ ಮನೆಯವರ ಮೋಟಾರು ಕೆಟ್ಟಿದೆ! ಸಂಜೆ ಹೊತ್ತಿಗೆ ಭಾವ ಅವರ ಸಂಪಿನೊಳಗೆ.

"ಇದೇ ರಿಕರ್ಷನ್ ಕಣೋ," ಎಂದು ಅಲ್ಲಿಂದಲೇ ನನಗೆ ಪಾಠ. "ಕೆಲ್ಸದೊಳ್ಗೆ ಅದೇ ಥರದ ಚಿಕ್ಕ ಕೆಲ್ಸ. ಒಳಗಿಂದು ಮುಗುದ್ರೆ ಹೊರಗಿಂದು ತಂತಾನೇ ಮುಗೀತದೆ."

"ಅಲ್ಲೀಗಂಟ ಹೊರಗಿಂದು ಕತ್ಲಲ್ಲಿ ಕಾಯ್ಕೊಂಡ್ ಕೂತಿರ್ಬೇಕಾ?" ಅಕ್ಕ ಕೇಳಿದಳು.

ಇಂಥವರ ಕೈಗೆ ನಮ್ಮಪ್ಪ ಸಿಕ್ಕಿದರು! ನಂಜನಗೂಡಿನಲ್ಲಿ ನನ್ನ ಜೊತೆಗಿರುವ ಅಪ್ಪನಿಗೆ ಈಚೆಗೆ ಮನೆಯವರ ಗುರುತೇ ಹತ್ತುವುದಿಲ್ಲ. ಗುರುತಿಲ್ಲದವರು ಕೊಟ್ಟ ಊಟವನ್ನು ಮುಟ್ಟುವುದೂ ಇಲ್ಲ. ಹೆತ್ತ ಮಗಳು ಬಡಿಸಿದರೂ ತಟ್ಟೆ ಸರಿಸಿಬಿಡುತ್ತಾರೆ. ದಿನದಿನಕ್ಕೆ ಇಳಿದುಹೋಗುತ್ತಿದ್ದಾರೆ. ಭಾವ ಚಡಪಡಿಸಿ, ಅಪ್ಪನ ಫೋನಿಗೊಂದು ಪ್ರೋಗ್ರಾಂ ಬರೆಯಲು ಹೊರಟರು. ಫೋಟೋ ಒತ್ತಿದರೆ ಅವರು ಯಾರೆಂದು ಫೋನು ಹೇಳಬೇಕು. ಆ ಮಾತಿನಲ್ಲಿ ಇನ್ನೊಬ್ಬರು ಬಂದರೆ ಅವರು ಯಾರೆಂದೂ ಹಾಗೆಯೇ ಬಿಡಿಸಬೇಕು.

"ಸುಮ್ನೆ ಒಬ್ಬೊಬ್ರುದೂ ಬರ್ದಿಡಿ ಭಾವ," ಎಂದೆ.

"ಅದು ಮಾರುದ್ದ ಆಯ್ತದೆ ಕಣೋ. ರಿಕರ್ಷನ್ ಆದ್ರೆ ನಾಕೇ ಸಾಲು! ನೋಡಕ್ಕೂ ಚೆಂದ!"

ಚೆಂದವೇನೋ ಹೌದು. ಆದರೆ ಅಪ್ಪ ಮದುವೆಯಾಗಿದ್ದು ಸ್ವಂತ ಅಕ್ಕನ ಮಗಳನ್ನು! ಅಕ್ಕ, ಭಾವ ನಮ್ಮಲ್ಲಿಗೆ ಬಂದ ದಿನ, ಊಟದ ಹೊತ್ತಿಗೆ ಭಾವ ನನ್ನಕ್ಕನ ಫೋಟೋ ಒತ್ತಿದ್ದೇ ತಡ, ಫೋನು ಶುರು ಮಾಡಿತು: "ಇವರು ನಿಮ್ಮ ಹೆಂಡತಿಯ ಮಗಳು. ಹೆಂಡತಿ ಎಂದರೆ ನಿಮ್ಮ ಅಕ್ಕನ ಮಗಳು. ಅಕ್ಕ ಎಂದರೆ ನಿಮ್ಮ ಹೆಂಡತಿಯ ತಾಯಿ. ಹೆಂಡತಿ ಎಂದರೆ ನಿಮ್ಮ ಅಕ್ಕನ ಮಗಳು..." ನೇರವಾಗಿ ಮಗಳು ಎಂದಿದ್ದರೆ ಗಂಟು ಹೋಗುತ್ತಿತ್ತೇ? ಗಿರಕಿ ಹೊಡೆದೂ ಹೊಡೆದೂ, ಮೆಮೊರಿ ತುಂಬಿ, ಫೋನು ಗಪ್‌ಚಿಪ್ ಆಯಿತು.

"ಎಲ್ಲಿ ನಿಲ್ಬೇಕು ಅಂತ ಹೇಳೋದೇ ಮರ್ತೆ!" ಭಾವ ತಲೆ ಚಚ್ಚಿಕೊಂಡರು. ಮುದ್ದೆ ಆರುತ್ತಿತ್ತು. ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಅಪ್ಪ ಭಾವನನ್ನೇ ದಿಟ್ಟಿಸಿದರು. "ಯಾರಪ್ಪ ನೀನು?"

"ನಾನು ನಿಮ್ಮ ಮಗಳ..." ಎಂದ ಭಾವ ಅಲ್ಲಿಗೇ ನಿಲ್ಲಿಸಿದರು. ಮಗಳು ಯಾರು ಎಂದು ಕೇಳಿದರೆ? ಮೆಲ್ಲಗೆ ಅಪ್ಪನ ಪಕ್ಕ ನೆಲದ ಮೇಲೆ ಕೂತರು. "ನಾವೆಲ್ಲ ನಿಮ್ಮೋರೇ ಮಾವ."

"ನಮ್ಮೋರಾ? ಅಂಗಂತ ಮೊದ್ಲೇ ಯೋಳಬಾರ್ದಾ!"

ಅಪ್ಪ ತಟ್ಟೆ ಎಳೆದುಕೊಂಡರು. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಮೊದಲ ತುತ್ತನ್ನು ಭಾವನ ಬಾಯಿಗೆ ಹಿಡಿದರು.

"ಉಣ್ಣು ಮಗ. ಅಸ್ಕೊಂಡಿದ್ದೀಯ."