ಬಾಯಿ ಮುಚ್ಚಿಸಿಕೊಂಡ ಹಾಡಿನ ಪೆಟ್ಟಿಗೆ

ಗಂಡನದು ಕನ್ನಡಕದ ಅಂಗಡಿ. ಹೆಂಡತಿಗೆ ಹುಟ್ಟಿನಿಂದ ಕಣ್ಣು ಕಾಣದು. “ನಿಮ್ಮ ಜಂಬ ನಡೆಯದ ಒಂದೇ ಗಿರಾಕಿ ನಾನು” ಎಂದು ಅವಳೇ ನಗುತ್ತಿದ್ದಳು. ಅವಳು ಪಿಟೀಲು ಕಲಿಸುವವಳು. ತೀರಿಹೋದ ಅವಳ ಗುರುಗಳ ಹಳೇ ಧ್ವನಿಮುದ್ರಣವೊಂದನ್ನು ಯಾರೋ ಪುಣ್ಯಾತ್ಮರು ಹೊಸದಾಗಿ, ಉಸಿರೂ ಕೇಳಿಸುವಷ್ಟು ನಿಚ್ಚಳವಾಗಿ ಹೊರತಂದಿದ್ದರು. ಅದನ್ನು ಕೇಳಲು ಒಳ್ಳೆಯ ಪ್ಲೇಯರ್ ಬೇಕಲ್ಲ? ಆರಿಸುವ ಮಹತ್ಕಾರ್ಯವನ್ನು ಗಂಡ ತಾನೇ ತಲೆಯ ಮೇಲೆ ಹೊತ್ತುಕೊಂಡ.

“ಇದು ನೋಡು, ಪೂರ್ತಿ ಗಾಜು! ಒಂದು ಗುಂಡಿಯೂ ಇಲ್ಲ!” ಎಂದ ಪ್ಲೇಯರ್ ಮಾರುವ ಅಂಗಡಿಯಲ್ಲಿ.

ಅವಳು ಅಂಗೈ ಆಡಿಸಿದಳು. “ಕಿಟಕಿ ಒರೆಸಿದ ಹಾಗಿದೆ. ಹಾಡು ಹಾಕೋದು ಎಲ್ಲಿಂದ?”

“ಫೋನಿಂದ ಮೇಡಂ, ಅದೇ ಓದಿ ಹೇಳುತ್ತೆ” ಎಂದ ಅಂಗಡಿಯವನು.

ಫೋನು ಓದಿತು: “ಬಟನ್. ಬಟನ್. ಹೆಸರಿಲ್ಲದ ಬಟನ್.”

“ಗುಂಡಿಯೇ ಇಲ್ಲ ಅಂದ್ರಲ್ರೀ, ಎಲ್ಲಾ ಇಲ್ಲಿ ಬಂದು ಸೇರ್ಕೊಂಡಿವೆ!”

ಕೊನೆಗೆ ಅವಳು ಆರಿಸಿದ್ದು ಮೂಲೆಯಲ್ಲಿದ್ದ ದಪ್ಪ ಪೆಟ್ಟಿಗೆ. ಪರದೆಯಿಲ್ಲ, ಒಂದೊಂದು ತಿರುಗುಗುಂಡಿಗೂ ಒಂದೊಂದು ಆಕಾರ. ಮುಟ್ಟಿದರೆ ಸಾಕು, ಏನು ಎತ್ತ ಎಂದು ಬಾಯಿಬಿಟ್ಟು ಹೇಳುತ್ತಿತ್ತು.

“ಥೂ, ಹಿಟ್ಟಿನ ಡಬ್ಬ ಇದ್ದಹಾಗಿದೆ ಕಣೇ!”

“ನನಗೇನು ಕಾಣುತ್ತಾ? ನೀವು ಆ ಕಡೆ ತಿರುಗಿ ಕೂತ್ಕೊಳ್ಳಿ.”

ಪೆಟ್ಟಿಗೆ ಮನೆಗೆ ಬಂತು. ಅದರ ವಾಚಾಳಿತನ ಗಂಡನಿಗೆ ಹಿಡಿಸಲಿಲ್ಲ. (ಮನೆಯಲ್ಲಿ ಮಾತಾಡೋರು ಒಬ್ಬರಿದ್ದರೆ ಸಾಲದೇ?) ಒಂದು ಮಧ್ಯಾಹ್ನ ಹೆಂಡತಿ ಪಾಠಕ್ಕೆ ಹೋದಾಗ ಅದನ್ನೂ ಇದನ್ನೂ ತಿರುಗಿಸಿ ಅದರ ಬಾಯಿ ಮುಚ್ಚಿಸಿಬಿಟ್ಟ.

ಅಂದು ಸಂಜೆಯೇ ಗುರುಗಳ ವಾದನ ಕೇಳಲು ಹೆಂಡತಿಯ ತಂಗಿ ಬಂದಳು. ಹೆಂಡತಿ ಗುಂಡಿ ತಿರುಗಿಸಿದಳು. ಸದ್ದಿಲ್ಲ. ಮತ್ತೆ ತಿರುಗಿಸಿದಳು.

“ಕೆಟ್ಟುಹೋಯ್ತೇನೋ...” ಅವಳ ಮುಖ ಬಾಡಿತು.

“ಸರಿ ಆಚೆ, ನಾನು ನೋಡ್ತೀನಿ” ಎಂದು ಗಂಡ ಪೌರುಷದಿಂದ ನುಗ್ಗಿದ. ನೋಡುವುದೇನು, ಮಣ್ಣು? ಅಕ್ಷರವಿಲ್ಲ, ದೀಪವಿಲ್ಲ, ಬಾಯಿಯಂತೂ ಅವನೇ ಮುಚ್ಚಿದ್ದು. ಒಂದು ಗುಂಡಿಗೆ ರೇಡಿಯೋ ಕಿರುಚಿತು, ಇನ್ನೊಂದಕ್ಕೆ ಎಲ್ಲವೂ ತಣ್ಣಗಾಯಿತು. ಅವನು ಬೆವರಿ ನೀರಾದ.

“ಭಾವ, ಕನ್ನಡಕ ಹಾಕ್ಕೊಂಡು ನೋಡಿ” ಎಂದಳು ನಾದಿನಿ.

ಅಂಗಡಿಯವನು ಹೇಳಿಕೊಟ್ಟದ್ದು ನೆನಪಾಗಿ ಹೆಂಡತಿ ಅವನನ್ನು ಪಕ್ಕಕ್ಕೆ ತಳ್ಳಿ, ಎರಡು ಗುಂಡಿಗಳನ್ನು ಒಟ್ಟಿಗೇ ಒತ್ತಿ ಹಿಡಿದಳು. ಪೆಟ್ಟಿಗೆ ಕಟ್ಟಿಟ್ಟ ಮಾತನ್ನೆಲ್ಲ ಒಮ್ಮೆಲೇ ಉಗುಳಿತು:

“ಧ್ವನಿ ಮತ್ತೆ ಶುರುವಾಗಿದೆ. ಕಳೆದ ಸಲ ಅರ್ಧಕ್ಕೆ ನಿಂತದ್ದು, ಬೋಳು ತಲೆಯಲ್ಲಿ ಕೂದಲು ಚಿಗುರಿಸುವ ಧ್ಯಾನ ಸಂಗೀತ, ಮೂರನೇ ಭಾಗ. ಮುಂದುವರಿಸಲೇ?”

ನಾದಿನಿ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕುಸಿದಳು.

“ಅದೂ... ಅಂಗಡಿಯ ಗಿರಾಕಿಯೊಬ್ಬರು ಕೇಳಿದ್ರು...” ಗಂಡ ತೊದಲಿದ.

“ಅದಕ್ಕೇನಾ ಪಾಪ ಅದರ ಬಾಯಿ ಮುಚ್ಚಿಸಿದ್ದು?” ಹೆಂಡತಿ ಅವನ ತಲೆಯನ್ನು ಗಂಭೀರವಾಗಿ ಸವರಿದಳು. “ಎರಡು ಭಾಗ ಮುಗಿದ್ರೂ ಇಲ್ಲೇನೂ ಚಿಗುರಿಲ್ಲವಲ್ರೀ! ಇರಲಿ, ಮೊದಲು ಗುರುಗಳು, ಆಮೇಲೆ ನಿಮ್ಮ ಕೃಷಿ.”

ಕಮಾನು ತಂತಿಗೆ ತಾಗುವ ಮುಂಚೆ ಗುರುಗಳು ಎಳೆದುಕೊಂಡ ಉಸಿರು ಕೋಣೆಯಲ್ಲಿ ಕೇಳಿಸಿತು. ಹೆಂಡತಿಯ ಕಣ್ಣು ತುಂಬಿ ಬಂತು. ನಾದಿನಿಯೂ ನಗು ನಿಲ್ಲಿಸಿದಳು. ಆಮೇಲೆ ತಿರುಗಿ ಭಾವನನ್ನು ನೋಡಿ ಮತ್ತೆ ಕಿಸಕ್ಕೆಂದಳು. ಅವನು ತಲೆಗೆ ಟವೆಲ್ ಸುತ್ತಿಕೊಂಡು ಕೂತಿದ್ದ.