ಯಾರದೂ ಅಲ್ಲದ ಗುಡ್ಡೆ

ಮಾಸ್ತರನಾದವನಿಗೆ ಪಾಠ ತಪ್ಪಿದರೂ ಚುನಾವಣೆ ಡ್ಯೂಟಿ ತಪ್ಪುವುದಿಲ್ಲ. ಯಾದಗಿರಿ, ಶಹಾಪುರ, ಸುರಪುರ, ಎಲ್ಲ ಕಡೆಯೂ ನಾನು ಜನರ ಬೆರಳಿಗೆ ಶಾಯಿ ಹಚ್ಚಿದ್ದೇನೆ, ಪೆಟ್ಟಿಗೆಗೆ ಅರಗು ಹಾಕಿದ್ದೇನೆ, ಅದೇ ಪೆಟ್ಟಿಗೆಯ ಮೇಲೆ ತಲೆಯಿಟ್ಟು ನಿದ್ದೆಯನ್ನೂ ಹೊಡೆದಿದ್ದೇನೆ. ಗೆದ್ದವರ ಮುಖ ಒಂದೂ ನೆನಪಿಲ್ಲ. ನೆನಪಿರುವುದು ಬೇಕಂತಲೇ ಮತ ಕೆಡಿಸಿದವರು. ಮತ ಹಾಕುವವರು ಬಂದು ಹಾಕಿ ಹೋಗುತ್ತಾರೆ. ಕೆಡಿಸುವವರು ತಲೆ ಓಡಿಸಿ ಬಂದಿರುತ್ತಾರೆ. ಅವರನ್ನು ಕಂಡರೆ ನನಗೆ ಈಗಲೂ ಬೆರಗು.

ಷರಾ

ಒಮ್ಮೆ ಶಿಕ್ಷಕರ ಕ್ಷೇತ್ರದ ಚುನಾವಣೆ. ಅಲ್ಲಿ ಶಿಕ್ಕಾ ಒತ್ತುವುದಿಲ್ಲ, ನೇರಳೆ ಪೆನ್ನಿನಿಂದ ಒಂದು, ಎರಡು ಅಂತ ಆದ್ಯತೆಯ ಅಂಕಿ ಬರೆಯಬೇಕು. ಎಣಿಕೆಯ ಟೇಬಲ್ಲಿನ ಮೇಲೆ ಒಂದು ಮತಪತ್ರ ಬಿಚ್ಚಿದರೆ ಅಭ್ಯರ್ಥಿಗಳೆಲ್ಲರಿಗೂ ನೂರಕ್ಕೆ ಇಷ್ಟು ಅಂತ ಅಂಕ ಬಿದ್ದಿದೆ. ಒಬ್ಬರೂ ಪಾಸಾಗಿಲ್ಲ. ಒಬ್ಬರಿಗೆ ಸೊನ್ನೆ ಕೊಟ್ಟು ಅಡಿಗೆರೆ ಎಳೆದಿದ್ದಾರೆ. ಕೆಳಗೆ ಷರಾ: "ಎಲ್ಲರೂ ನಾಳೆ ಪಾಲಕರನ್ನು ಕರೆದುಕೊಂಡು ಬರತಕ್ಕದ್ದು."

ನಮ್ಮ ಟೇಬಲ್ಲಿನ ಮೇಲ್ವಿಚಾರಕರು ನಿವೃತ್ತಿಗೆ ಬಂದ ಹೆಡ್ ಮಾಸ್ತರರು. ಕನ್ನಡಕ ಏರಿಸಿ ಎರಡು ಸಲ ಓದಿ, "ರದ್ದು" ಅಂದರು. ಆಮೇಲೆ ನನ್ನ ಕಿವಿಯಲ್ಲಿ ಮೆಲ್ಲಗೆ ಹೇಳಿದರು:

"ಮೌಲ್ಯಮಾಪನ ಮಾತ್ರ ಬರೋಬ್ಬರಿ ಅದ ನೋಡ್ರಿ."

ಟಪ್ ಟಪ್

ಓದಿದವರ ಕಥೆ ಅದಾದರೆ, ಓದು ಬಾರದವರು ಅವರನ್ನೂ ಮೀರಿಸಿದ್ದನ್ನು ಶಹಾಪುರದ ಕಡೆಯ ಒಂದು ಊರಿನಲ್ಲಿ ಕಂಡೆ. ಗ್ರಾಮ ಪಂಚಾಯತಿ ಚುನಾವಣೆ. ಒಂದು ಸ್ಥಾನಕ್ಕೆ ಇಬ್ಬರೇ ಅಭ್ಯರ್ಥಿಗಳು, ಅವರೂ ಸ್ವಂತ ಅಣ್ಣತಮ್ಮಂದಿರು. ಅಣ್ಣನ ಗುರುತು ಕಪಾಟು, ತಮ್ಮನ ಗುರುತು ಆಟೋ.

ಹಿಂದಿನ ದಿನ ನಮಗೆ ರೊಟ್ಟಿ ಬಡಿಸುತ್ತಾ ಶಾಲೆಯ ಅಡುಗೆಯಾಕೆ ಊರಿನ ಹಕೀಕತ್ತು ಹೇಳಿದಳು. ಹೆಣ್ಣುಮಕ್ಕಳಿಗೆ ಅಂತ ಸರ್ಕಾರ ಕಟ್ಟಿಸಿದ ಪಾಯಖಾನೆಗೆ ಅಣ್ಣ ಕೀಲಿ ಜಡಿದು ಒಳಗೆ ತೊಗರಿ ಹೊಟ್ಟು ತುಂಬಿದ್ದಾನೆ. ಬಾಗಿಲ ಮುಂದೆ ಎಮ್ಮೆ ಕಟ್ಟಿದವನು ತಮ್ಮ. ಹೆಣ್ಣುಮಕ್ಕಳು ನೀರಿನ ಚರಗಿ ಹಿಡಿದು ರಸ್ತೆ ದಾಟಿ ಜಾಲಿಕಂಟಿಗೆ ಹೋಗುವುದು ತಪ್ಪಿಲ್ಲ. ಕುರಿ ಸಾಕುವ ಮನೆಯ ಸೊಸೆಯೊಬ್ಬಳು ಇದೇ ಮಾತು ಎತ್ತಿ ತಾನೂ ನಾಮಪತ್ರ ಹಾಕಿದ್ದಳು. ಹಿರಿಯರು ಕಟ್ಟೆಯ ಮೇಲೆ ಕೂತು, "ಹೆಣ್ಣುಮಗಳಿಗ್ಯಾಕ ಇದೆಲ್ಲ" ಅಂತ ವಾಪಸ್ ತೆಗೆಸಿದರು.

ಮರುದಿನ ಸಾಲಿನಲ್ಲಿ ಮೊದಲು ಬಂದವಳು ಆ ಸೊಸೆಯ ಅತ್ತೆ. ನಾನು ಮತಪತ್ರ ಕೊಟ್ಟೆ. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಸಾಹೇಬ್ರ, ಯಾರೂ ಬ್ಯಾಡ ಅಂದ್ರ ಎಲ್ಲಿ ಒತ್ತಬೇಕ್ರಿ?"

"ಪಂಚಾಯ್ತಿ ಇಲೆಕ್ಷನ್ನಿಗೆ ಅದು ಇಲ್ಲ ಆಯಿ."

"ಇಬ್ಬರಿಗೂ ಒತ್ತಿದ್ರ?"

"ರದ್ದಾಗ್ತದ."

"ರದ್ದಾಗಿದ್ದು ಎಣಸ್ತಾರೋ, ಒಲಿಗೆ ಹಾಕ್ತಾರೋ?"

"ಬ್ಯಾರೆ ಟ್ರೇದಾಗ ಹಾಕಿ ಎಣಸ್ತಾರ."

"ಅಷ್ಟಾದ್ರ ಸಾಕ್ರಿ," ಅಂದವಳೇ ರಟ್ಟಿನ ಮರೆಗೆ ಹೋದಳು. ಟಪ್ ಟಪ್ ಅಂತ ಎರಡು ಸಲ ಸಪ್ಪಳವಾಯಿತು. ಹೊರಗೆ ಹೋಗುವಾಗ ಸಾಲಿನಲ್ಲಿದ್ದ ಹೆಂಗಸರ ಕಡೆ ನೋಡಿ ಸೆರಗು ಸರಿಮಾಡಿಕೊಂಡಳು, ಅಷ್ಟೇ. ಅಲ್ಲಿಂದ ಒಳಗೆ ಹೋದ ಹೆಣ್ಣುಮಕ್ಕಳೆಲ್ಲರದೂ ಟಪ್ ಟಪ್.

ಅಣ್ಣನ ಏಜೆಂಟನಿಗೆ ಮಾತ್ರ ತಳಮಳ. "ಎಲ್ಲಾರೂ ಎರಡೆರಡು ಸಲ ಯಾಕ ಒತ್ತಾಕತ್ತಾರ್ರಿ? ಪ್ಯಾಡಿನ ಶಾಯಿ ಆರ್‍ಯಾದ, ಬದಲಿ ಮಾಡ್ರಿ," ಅಂತ ತಕರಾರು ತೆಗೆದ. ಸರಿ, ಹೊಸ ಪ್ಯಾಡ್ ಇಟ್ಟೆವು.

ಆಮೇಲೆ ಒಳಗೆ ಹೋದವರದು ಟಪ್ ಟಪ್ ಟಪ್.

ಗುಲಾಲು

ಶಹಾಪುರದಲ್ಲಿ ನಡೆದ ಎಣಿಕೆಗೂ ನನ್ನನ್ನೇ ಹಾಕಿದ್ದರು. ಟೇಬಲ್ಲಿನ ಮೇಲೆ ಮೂರು ಟ್ರೇ: ಕಪಾಟು, ಆಟೋ, ರದ್ದು. ಮತಪತ್ರ ಬಿಚ್ಚುತ್ತಾ ಹೋದಂತೆ ಮೂರನೆಯ ಸಪ್ಪಳದ ಗುಟ್ಟು ತಿಳಿಯಿತು. ಕಪಾಟಿನ ಮೇಲೊಂದು ಶಿಕ್ಕಾ, ಆಟೋ ಮೇಲೊಂದು, ಕೆಳಗಿನ ಖಾಲಿ ಜಾಗದಲ್ಲಿ ಇನ್ನೊಂದು. ಸೊಸೆಯ ಹೆಸರು ಇರಬೇಕಾಗಿದ್ದ ಜಾಗ ಅದು. ಎಷ್ಟು ಬಿಚ್ಚಿದರೂ ಮೂರನೆಯದಕ್ಕೆ ಅದೇ ಜಾಗ. ಎದ್ದು ನಿಂತು ಕೈ ಮುಗಿಯಬೇಕು ಅನಿಸಿತು ನನಗೆ, ಡ್ಯೂಟಿಯಲ್ಲಿದ್ದೆನೆಂದು ಕೂತೆ.

ರದ್ದಿನ ಟ್ರೇ ತುಂಬಿ ಚೆಲ್ಲಿತು. ತಂತಿ ಜಾಳಿಗೆಯ ಆಚೆ ನಿಂತಿದ್ದ ಅಣ್ಣನಿಗೆ ಕಂಡದ್ದು ಆ ಗುಡ್ಡೆ ಮಾತ್ರ. ಇಷ್ಟು ಮತ ತನಗಲ್ಲದೆ ಇನ್ಯಾರಿಗೆ ಬಿದ್ದಾವು ಅಂತ ಹೊರಗೆ ಓಡಿದ. ಹಲಗೆ ಬಡಿಸಿದ, ಹಾರ ಹಾಕಿಸಿಕೊಂಡ, ಹಲ್ಲಿನ ತನಕ ಗುಲಾಲು ಬಳಿಸಿಕೊಂಡ. ಫಲಿತಾಂಶ ಹೇಳಲು ಅಧಿಕಾರಿ ಕರೆಸಿದಾಗ ಗುರುತು ಸಿಗಲಿಲ್ಲ.

"ನೀವು ಮೂರು ಮತದಿಂದ ಗೆದ್ದೀರಿ," ಅಂದರು ಅಧಿಕಾರಿ.

"ಮೂರರಿಂದ? ಮತ್ತ ಆ ಗುಡ್ಡಿ ಯಾರದ್ರಿ?"

"ಯಾರದೂ ಅಲ್ಲ."

"ಯಾರದೂ ಅಲ್ಲಂದ್ರ ಅಷ್ಟು ವೋಟು ಹೆಂಗ ಬೀಳ್ತಾವ್ರಿ?"

ಸೋತ ತಮ್ಮ ಪಕ್ಕದಲ್ಲೇ ಇದ್ದ. ಅವನ ಮುಖದಲ್ಲಿ ಎಂಥದೋ ಸಮಾಧಾನ. "ತಗೋ ಅಣ್ಣ, ನಾ ನಿನ್ನ ಕೈಯಾಗ ಸೋತೆ. ನೀ ಯಾರ ಕೈಯಾಗ ಸೋತಿ ಅಂತ ನಿನಗ ಗೊತ್ತಿಲ್ಲ," ಅಂದ.

ನನ್ನ ಇಷ್ಟು ವರ್ಷದ ಸರ್ವೀಸಿನಲ್ಲಿ ಗೆದ್ದವನೇ ಮರುಎಣಿಕೆ ಕೇಳಿದ್ದನ್ನು ನೋಡಿದ್ದು ಅದೊಂದೇ ಸಲ.

ಹೊಟ್ಟಿನ ಚೀಲ

ಮತ್ತೆ ಎಣಿಸಿದರೂ ಮೂರೇ ಆಯಿತು. ನನ್ನ ಮನೆ ಸುರಪುರದಲ್ಲಿ, ಮರಳುವ ದಾರಿಯ ಪಕ್ಕದಲ್ಲೇ ಆ ಊರು. ನೆಟ್ಟಗೆ ಮನೆಗೆ ಹೋಗಬಹುದಿತ್ತು, ಗಾಡಿ ತಾನಾಗಿ ತಿರುಗಿತು. ಅಷ್ಟೊತ್ತಿಗೆ ಅಣ್ಣನ ಮೆರವಣಿಗೆ ಊರು ಮುಟ್ಟಿ ಪಾಯಖಾನೆಯ ಹತ್ತಿರ ನಿಂತುಬಿಟ್ಟಿತ್ತು. ಅಲ್ಲಿ ಹೆಣ್ಣುಮಕ್ಕಳೆಲ್ಲ ಚರಗಿ ಹಿಡಿದು ದಾರಿಗೆ ಅಡ್ಡ ನಿಂತಿದ್ದರು, ಮುಂದೆ ಆ ಆಯಿ, ಪಕ್ಕದಲ್ಲಿ ಸೊಸೆ. ಹಲಗೆ ತಣ್ಣಗಾಯಿತು.

"ಗೆದ್ದಿಯಂತಲ್ಲೋ ಮಗಾ, ಚಲೋ ಆತು," ಅಂದಳು ಆಯಿ. "ಈ ಸಲ ಖಾಲಿ ಜಾಗಕ್ಕ ಇಷ್ಟು ಬಿದ್ದಾವ. ಮುಂದಿನ ಸಲ ಅಲ್ಲಿ ನನ್ನ ಸೊಸಿ ಹೆಸರು ಇರ್ತದ. ಯಾವ ಹಿರಿಯಾ ಕಟ್ಟಿ ಮ್ಯಾಲ ಕುಂತು ತಗಸ್ತಾನೋ ನೋಡ್ತೀನಿ."

ಅಣ್ಣ ಆ ಸೊಸೆಯ ಮುಖ ನೋಡಿದ, ಅವಳ ಹಿಂದಿದ್ದ ಸಾಲು ನೋಡಿದ. ಮೂರು ಮತದ ಮೆಂಬರು ಇನ್ನೇನು ಮಾಡಿಯಾನು? ಉಡದಾರದಿಂದ ಕೀಲಿ ಬಿಚ್ಚಿದ. ಹಾರ ಹಾಕಿಕೊಂಡೇ ಹೊಟ್ಟಿನ ಚೀಲ ಒಂದೊಂದಾಗಿ ಹೆಗಲ ಮೇಲೆ ಹೊತ್ತು ಹೊರಗೆ ಹಾಕಿದ. ಗುಲಾಲಿಗೆ ಹೊಟ್ಟು ಹತ್ತಿ ಮನುಷ್ಯ ನೋಡುವ ಹಾಗಿರಲಿಲ್ಲ. ತಮ್ಮನೂ ಬಂದು ಎಮ್ಮೆ ಬಿಚ್ಚಿಕೊಂಡು ಹೋದ. ಸೊಸೆ ಕೊಡದಲ್ಲಿ ನೀರು ತಂದು ತೊಳೆದಳು. ಆಮೇಲೆ ಆಯಿ ಚರಗಿ ಸಮೇತ ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಊರಿಗೆ ಊರೇ ಬಾಗಿಲು ನೋಡುತ್ತಾ ನಿಂತಿತು. ಮೆಂಬರಿಗೆ ತಡೆಯಲಾಗಲಿಲ್ಲ. ಬಾಗಿಲ ಹತ್ತಿರ ಹೋಗಿ ಮೆತ್ತಗೆ ಕೇಳಿದ:

"ಆಯಿ, ಮುಂದಿನ ಸಲ ಆದ್ರೂ ನನಗ ಒತ್ತತೀರಿಲ್ಲೋ?"

ಒಳಗಿನಿಂದ ಆಯಿಯ ದನಿ ಬಂತು:

"ತಡಿಯೋ ಮಗಾ, ಇನ್ನಾ ಎಣಿಕಿ ನಡದದ."